ಸುನಿಲ್ ಜೋಶಿ ಅಂದ್ರೆ ಬರೀ ನೈರೋಬಿ ಅಲ್ರೀ

ಕ್ರಿಕೆಟ್ ಕ್ವಿಜ್ ನಡೆಸೋರಿಗೆ ಒಂದು ಪ್ರಶ್ನೆ ಅಂದ್ರೆ ಬಹಳ ಪ್ರೀತಿ. '10-6-6-5, ಇದು ಯಾರ ಬೌಲಿಂಗ್ ಲೆಕ್ಕ?' ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಉತ್ತರ ಸುನಿಲ್ ಜೋಶಿ. ಸರಿಯಾಗಿ ಹೇಳಿದವನಿಗೆ ಒಂದು ಚಾಕೊಲೇಟ್, ಎಲ್ಲರೂ ಚಪ್ಪಾಳೆ, ಮುಂದಿನ ಪ್ರಶ್ನೆ. ಅಲ್ಲಿಗೆ ಗದಗಿನ ಒಬ್ಬ ಹುಡುಗ ಸುಮಾರು ಹದಿನೆಂಟು ವರ್ಷ ಆಡಿದ ಕ್ರಿಕೆಟ್ಟು ಮುಗೀತು. ನನ್ನ ತಕರಾರು ಇರೋದೇ ಇದರ ಮೇಲೆ.

ಆ ಮನುಷ್ಯನನ್ನ ನಾವು ಪೂರ್ತಿ ಮರೆತಿದ್ದರೆ ಎಂದಾದರೂ ಒಂದು ದಿನ ಯಾರಾದರೂ ನೆನಪು ಮಾಡಿಕೊಡ್ತಿದ್ದರು. ನಾವು ಮಾಡಿದ್ದು ಬೇರೆ. ಒಂದು ದಿನದ ಆಟವನ್ನ ಮಾತ್ರ ಇಟ್ಟುಕೊಂಡು, ಉಳಿದದ್ದನ್ನ ಹೊರಗೆ ಎಸೆದು, 'ನಮಗೆ ಜೋಶಿ ಗೊತ್ತು' ಅಂತ ತೃಪ್ತಿಯಿಂದ ಕೂತಿದ್ದೀವಿ. ಬೆಂಗಳೂರಿನವರು ಹೀಗೆ ಮಾಡಿದರೆ ನನಗೆ ಅಷ್ಟು ಸಿಟ್ಟಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಾವೂ ಹೀಗೇ ಮಾಡ್ತೀವಲ್ಲ, ಅದಕ್ಕೆ ಈ ಬರಹ.

ಮೊದಲು ಆ ನೈರೋಬಿಯನ್ನೇ ನೋಡೋಣ. ಅದನ್ನೂ ನಾವು ಸರಿಯಾಗಿ ನೋಡಿಲ್ಲ. 1999ರ ಸೆಪ್ಟೆಂಬರ್ 26, ಎಲ್‌ಜಿ ಕಪ್, ಎದುರಿಗೆ ದಕ್ಷಿಣ ಆಫ್ರಿಕಾ. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಜೊತೆ ಟೈ ಮಾಡಿಕೊಂಡು ಹೊರಬಿದ್ದಿದ್ದ ತಂಡ ಅದು. ಜೋಶಿ ತೆಗೆದ ಐದು ವಿಕೆಟ್ ಯಾರ್ಯಾರದ್ದು? ಗಿಬ್ಸ್, ಡಿಪೆನಾರ್, ಕ್ರೋನಿಯೆ, ಜಾಂಟಿ ರೋಡ್ಸ್, ಪೊಲಾಕ್. ಬಾಲಂಗೋಚಿಗಳನ್ನ ಗುಡಿಸಿ ಮಾಡಿದ ಲೆಕ್ಕ ಅಲ್ಲ ಇದು. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. 'ಪಿಚ್ ಹಂಗಿತ್ತು ಬಿಡ್ರಿ' ಅನ್ನೋರಿಗೆ ಒಂದು ಸಣ್ಣ ಕಳೆಯುವ ಲೆಕ್ಕ ಕೊಡ್ತೀನಿ. 117ರಲ್ಲಿ ಜೋಶಿ ಕೊಟ್ಟಿದ್ದು 6. ಉಳಿದ 111 ಬಂದಿದ್ದು ಅದೇ ಪಿಚ್ಚಿನ ಮೇಲೆ, ಅದೇ ಮಧ್ಯಾಹ್ನ, ಬೇರೆಯವರು ಬೌಲ್ ಮಾಡುವಾಗ. ಪಿಚ್ಚು ಎಲ್ಲರಿಗೂ ಒಂದೇ ಇರುತ್ತೆ.

ಒನ್‌ಡೇಯಲ್ಲಿ ಆರು ಮೇಡನ್ ಹಾಕೋದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ರನ್ ಹೊಡೆಯಲೇಬೇಕು ಅಂತ ನಿಂತಿರೋ ಬ್ಯಾಟ್ಸ್‌ಮನ್‌ಗೆ ಮೂವತ್ತಾರು ಎಸೆತ ಒಂದೂ ರನ್ ಕೊಡದೆ ಹಾಕಬೇಕು. ಎಡಗೈ ಸ್ಪಿನ್ನರನ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ತಿರುಗುತ್ತೆ. ಅದನ್ನೇ ನೆಚ್ಚಿಕೊಂಡು ಆಡಿದರೆ, ನಡುವೆ ಒಂದು ತಿರುಗದೆ ನೇರ ಒಳಗೆ ನುಗ್ಗುತ್ತೆ. ಎರಡೂ ಒಂದೇ ಜಾಗದಲ್ಲಿ ಬೀಳಬೇಕು, ಕೈ ಒಂದೇ ಥರ ಬರಬೇಕು. ಜಾಗ ಒಂದು ಅಡಿ ತಪ್ಪಿದರೂ ಕ್ರೋನಿಯೆಯಂಥವನು ಸಿಕ್ಸರ್ ಎತ್ತುತ್ತಾನೆ. ಅರವತ್ತು ಎಸೆತದಲ್ಲಿ ಇಷ್ಟು ಕಡಿಮೆ ತಪ್ಪು ಮಾಡಬೇಕಾದರೆ ಅದರ ಹಿಂದೆ ಲಕ್ಷ ಎಸೆತ ಇರಬೇಕು. ನಾವು ಹೇಳೋದು ಮಾತ್ರ 'ಅವತ್ತು ಅವನ ದಿನ'. ಅದೃಷ್ಟದ ಲಾಟರಿ ಹೊಡೆದವನ ಬಗ್ಗೆ ಮಾತಾಡೋ ಧಾಟಿಯಲ್ಲಿ.

ಆ ಲಕ್ಷ ಎಸೆತ ಎಲ್ಲಿದ್ದವು? ರಣಜಿಯಲ್ಲಿದ್ದವು. ಜೋಶಿ ಆಡಿದ್ದು 160 ಪ್ರಥಮ ದರ್ಜೆ ಪಂದ್ಯ. ತೆಗೆದದ್ದು 615 ವಿಕೆಟ್, ಒಂದೊಂದು ವಿಕೆಟ್ಟಿಗೆ ಸುಮಾರು 25 ರನ್. ಜೊತೆಗೆ ಬ್ಯಾಟಿನಿಂದ ಐದು ಸಾವಿರಕ್ಕೂ ಹೆಚ್ಚು ರನ್. ಇದರಲ್ಲಿ ರಣಜಿ ಟ್ರೋಫಿಯ ವಿಕೆಟ್ಟುಗಳೇ 479. ರಣಜಿಯಲ್ಲಿ ನಮ್ಮ ರಾಜ್ಯದ ದೊಡ್ಡ ಹೆಸರು ಬಿ.ಎಸ್. ಚಂದ್ರಶೇಖರ್ ತೆಗೆದದ್ದು 437. ಚಂದ್ರಶೇಖರ್ ಜಾದೂಗಾರ, ಅದರ ಬಗ್ಗೆ ನನ್ನ ಜಗಳ ಇಲ್ಲ. ಆದರೆ ಅವರಿಗಿಂತ ಮುಂದೆ ನಿಂತಿರೋ ಮನುಷ್ಯ ಗದಗಿನವರು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕ್ವಿಜ್ಜಿನಲ್ಲಿ ಈ ಪ್ರಶ್ನೆ ಯಾಕೆ ಬರಲ್ಲ?

1995-96ರ ಒಂದೇ ರಣಜಿ ಹಂಗಾಮಿನಲ್ಲಿ ಜೋಶಿ ಐನೂರಕ್ಕೂ ಹೆಚ್ಚು ರನ್, ಐವತ್ತಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಮಾಡಿದರು. ಆ ವರ್ಷ ಕರ್ನಾಟಕ ತಮಿಳುನಾಡನ್ನ ದಾಟಿ ರಣಜಿ ಗೆದ್ದಿತು. ಆಮೇಲೆ 1997-98, 1998-99ರಲ್ಲಿ ಮತ್ತೆ ಗೆದ್ದಿತು. ನಾಲ್ಕು ವರ್ಷದಲ್ಲಿ ಮೂರು ಸಲ. ಆ ಕಾಲದಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್ ಭಾರತ ತಂಡದ ಜೊತೆ ಊರೂರು ಸುತ್ತುತ್ತಿದ್ದರು, ರಾಜ್ಯದ ತಂಡಕ್ಕೆ ಸಿಗೋದೇ ಅಪರೂಪ. ಅವರಿಲ್ಲದಾಗಲೂ ಕರ್ನಾಟಕ ಕರ್ನಾಟಕವಾಗಿಯೇ ಉಳಿಯಿತಲ್ಲ, ಅದನ್ನ ಹೊತ್ತವರಲ್ಲಿ ಜೋಶಿ ಮುಂದಿನ ಸಾಲಿನವರು.

ಇಲ್ಲಿಗೆ ಬಂದಾಗ ಬೆಂಗಳೂರಿನ ಗೆಳೆಯರು ಒಂದು ಮಾತು ಹೇಳ್ತಾರೆ. 'ಮಗಾ, ರಣಜಿ ಎಲ್ಲ ಸರಿ. ಟೆಸ್ಟಿನಲ್ಲಿ 41 ವಿಕೆಟ್ ಅಷ್ಟೇ. ಅದೆಂಥ ಗ್ರೇಟು?' ಪ್ರಶ್ನೆ ನ್ಯಾಯದ್ದೇ. ಜಾರಿಕೊಳ್ಳದೆ ಉತ್ತರ ಕೊಡ್ತೀನಿ.

ಹೌದು, 15 ಟೆಸ್ಟ್, 41 ವಿಕೆಟ್. 69 ಒನ್‌ಡೇ, 69 ವಿಕೆಟ್. ಟೆಸ್ಟಿನ ಸರಾಸರಿ ಕಣ್ಣು ಕುಕ್ಕುವಂಥದ್ದಲ್ಲ, 35ರ ಮೇಲಿದೆ. ಆದರೆ ಆ 15 ಟೆಸ್ಟ್ ಹೇಗೆ ಬಂದವು ನೋಡ್ರಿ. 1996ರ ಜೂನಿನಲ್ಲಿ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್, 2000ದ ಕೊನೆಗೆ ಮುಗೀತು. ನಾಲ್ಕೂವರೆ ವರ್ಷದಲ್ಲಿ ಹದಿನೈದು, ಅಂದರೆ ವರ್ಷಕ್ಕೆ ಮೂರೋ ನಾಲ್ಕೋ. ಒಬ್ಬನೇ ಸ್ಪಿನ್ನರ್ ಸಾಕು ಅಂದಾಗ ಕುಂಬ್ಳೆ. ಎರಡನೆಯವನು ಬೇಕು ಅಂದಾಗ ಒಂದು ಸಲ ಜೋಶಿ, ಒಂದು ಸಲ ಇನ್ನೊಬ್ಬ. ಇವತ್ತು ಒಳಗೆ, ನಾಳೆ ಹೊರಗೆ.

ಇದಕ್ಕೆ ಒಂದೇ ಉದಾಹರಣೆ ಸಾಕು. 1999ರ ಜನವರಿ, ಚೆನ್ನೈ, ಪಾಕಿಸ್ತಾನದ ವಿರುದ್ಧದ ಟೆಸ್ಟ್. ತೆಂಡುಲ್ಕರ್ ಬೆನ್ನುನೋವು ಕಚ್ಚಿಕೊಂಡು 136 ಹೊಡೆದರೂ ನಾವು 12 ರನ್ನಿಂದ ಸೋತ ಪಂದ್ಯ. ಆ ಹನ್ನೊಂದರಲ್ಲಿ ಕರ್ನಾಟಕದವರೇ ಐದು ಜನ: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಜೋಶಿ. ಮುಂದಿನ ಟೆಸ್ಟ್ ದೆಹಲಿಯ ಕೋಟ್ಲಾದಲ್ಲಿ. ಜೋಶಿ ಜಾಗಕ್ಕೆ ಹರ್ಭಜನ್ ಬಂದರು, ಕುಂಬ್ಳೆ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ ತೆಗೆದು ಇತಿಹಾಸ ಮಾಡಿದರು. ಆ ಆಯ್ಕೆ ತಪ್ಪು ಅಂತ ನಾನು ಹೇಳೋಕೆ ಹೊರಟಿಲ್ಲ. ಹೇಳ್ತಿರೋದು ಇಷ್ಟು: ಒಂದು ಪಂದ್ಯ ಆಡಿ, ಮುಂದಿನದರಲ್ಲಿ ಬೆಂಚಿನ ಮೇಲೆ ಕೂತು, ಮತ್ತೆ ಆರು ತಿಂಗಳಿಗೆ ಕರೆ ಬಂದಾಗ ಅದೇ ಜಾಗದಲ್ಲಿ ಚೆಂಡು ಬೀಳಿಸಬೇಕು ಅಂದರೆ, ಆ ಕೆಲಸವನ್ನ ನಿರಂತರ ಆಡಿದವರ ಅಂಕಿಯ ಪಕ್ಕ ಇಟ್ಟು ತೂಗಬಾರದು. ಕೋಟ್ಲಾ ಆಗಿ ಏಳೇ ತಿಂಗಳಿಗೆ ನೈರೋಬಿ ಬಂತು. ಹೊರಗೆ ಕೂರಿಸಿದ್ದಕ್ಕೆ ಜೋಶಿ ಉತ್ತರ ಕೊಟ್ಟಿದ್ದು ಬೌಲಿಂಗಿನಲ್ಲಿ.

ಇನ್ನೊಂದು ಪಂದ್ಯ ಇದೆ. ಇದನ್ನ ಕ್ವಿಜ್ಜಿನವರೂ ಕೇಳಲ್ಲ. 2000ದ ನವೆಂಬರ್, ಢಾಕಾ. ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್, ಸೌರವ್ ಗಂಗೂಲಿ ನಾಯಕನಾಗಿ ಆಡಿದ ಮೊದಲ ಟೆಸ್ಟ್ ಕೂಡ. ಪಂದ್ಯಶ್ರೇಷ್ಠ ಯಾರು? ಜೋಶಿ. ಮೊದಲ ಇನ್ನಿಂಗ್ಸಿನಲ್ಲಿ 142ಕ್ಕೆ 5, ಎರಡನೆಯದರಲ್ಲಿ 27ಕ್ಕೆ 3, ನಡುವೆ ಬ್ಯಾಟಿನಿಂದ 92. 'ಹೊಸ ತಂಡದ ಮೇಲೆ ಯಾರು ಬೇಕಾದರೂ ಹೊಡೀತಾರೆ' ಅಂತ ಮೂಗು ಮುರೀಬೇಡಿ. ಆ ಹೊಸ ತಂಡ ಮೊದಲ ಇನ್ನಿಂಗ್ಸಿನಲ್ಲಿ 400 ಹೊಡೆದಿತ್ತು, ಅಮೀನುಲ್ ಇಸ್ಲಾಂ ಒಬ್ಬರೇ 145. ನಮ್ಮವರು ಬೆವರು ಸುರಿಸಿ ಮಾಡಿದ್ದು 429. ಅದರಲ್ಲಿ ಜೋಶಿಯ 92 ತೆಗೆದು ನೋಡಿ, ಉಳಿಯೋದು 337. ಆಗ ಬಾಂಗ್ಲಾದೇಶಕ್ಕೇ 63 ರನ್ನಿನ ಮುನ್ನಡೆ. ಆಮೇಲೆ ಅವರು 91ಕ್ಕೆ ಕುಸಿದರು, ನಾವು 9 ವಿಕೆಟ್ಟಿಂದ ಗೆದ್ದೆವು. ಗಂಗೂಲಿ ಕಾಲದ ಕಥೆ ಹೇಳುವಾಗ ಎಲ್ಲರೂ ಕೋಲ್ಕತ್ತಾದಿಂದ, ಲಕ್ಷ್ಮಣರ 281ರಿಂದ ಶುರು ಮಾಡ್ತಾರೆ. ಆ ಕಥೆಯ ಮೊದಲ ಗೆಲುವಿನಲ್ಲಿ ಪ್ರಶಸ್ತಿ ತಗೊಂಡವರು ನಮ್ಮ ಪಕ್ಕದೂರಿನವರು. ಅದಾದ ಮೇಲೆ ಎರಡು ತಿಂಗಳೂ ಕಳೀಲಿಲ್ಲ, ಅವರ ಟೆಸ್ಟ್ ಬದುಕು ಮುಗಿದಿತ್ತು.

ಪಕ್ಕದೂರು ಅಂದೆ. ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು 'ಗದಗಿನವರಲ್ಲೇನು, ನಮಗೇನು ಸಂಬಂಧ' ಅಂತಾರೆ. 1996ರಲ್ಲಿ ಜೋಶಿ ಭಾರತದ ಟೋಪಿ ಹಾಕಿಕೊಂಡಾಗ ಗದಗ ಜಿಲ್ಲೆಯೂ ಇರಲಿಲ್ಲ, ಹಾವೇರಿ ಜಿಲ್ಲೆಯೂ ಇರಲಿಲ್ಲ. ಎರಡೂ ಹುಟ್ಟಿದ್ದು 1997ರಲ್ಲಿ, ಒಂದೇ ಧಾರವಾಡ ಜಿಲ್ಲೆಯಿಂದ. ಗದಗ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಒಂದೇ ಜಿಲ್ಲೆಯ ತಾಲೂಕುಗಳು. ಅಂದರೆ ಜೋಶಿ ನಮ್ಮ ಜಿಲ್ಲೆಯಿಂದಲೇ ಭಾರತಕ್ಕೆ ಆಡಿದವರು. ನಕ್ಷೆಯ ಮೇಲೆ ಗೆರೆ ಆಮೇಲೆ ಬಿತ್ತು.

ಚೆನ್ನೈಯ ಆ ಐದು ಜನರ ಪಟ್ಟಿಗೆ ಮತ್ತೆ ಹೋಗಿ. ಶ್ರೀನಾಥ್ ಮೈಸೂರು. ದ್ರಾವಿಡ್, ಕುಂಬ್ಳೆ, ಪ್ರಸಾದ್ ಬೆಂಗಳೂರು. ಹರಿಹರದ ಸೇತುವೆ ದಾಟಿ, ತುಂಗಭದ್ರೆಯ ಈಚೆ ದಂಡೆಯಿಂದ ಹೋದವರು ಒಬ್ಬರೇ. ಉಳಿದ ನಾಲ್ವರ ಶ್ರಮ ಕಡಿಮೆ ಅಂತಲ್ಲ. ಅವರಿಗೆ ಊರಲ್ಲೇ ಕ್ಲಬ್ಬಿತ್ತು, ಲೀಗಿತ್ತು, ಹುಲ್ಲಿನ ಪಿಚ್ಚಿತ್ತು, ನೋಡೋ ಕಣ್ಣಿದ್ದವು. ಜೋಶಿ ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆ ಅಂತ ಬೆಳಗ್ಗೆ ಗದಗದಿಂದ ಹುಬ್ಬಳ್ಳಿಗೆ, ಹೆಚ್ಚೂಕಡಿಮೆ ಅರವತ್ತು ಕಿಲೋಮೀಟರ್ ಹೋಗಿ, ವಾಪಸ್ ಬಂದು ಶಾಲೆಗೆ ಹೋಗ್ತಿದ್ದರು. ಕ್ರಿಕೆಟ್ ಲೇಖನಗಳಲ್ಲಿ ಇದನ್ನ 'ಸ್ಫೂರ್ತಿದಾಯಕ' ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ನನಗೆ ಇದು ಸ್ಫೂರ್ತಿಗಿಂತ ಹೆಚ್ಚಾಗಿ ಲೆಕ್ಕದ ವಿಷಯ. ಹೋಗಿಬರೋದು ನೂರಿಪ್ಪತ್ತು ಕಿಲೋಮೀಟರ್. ಬೆಂಗಳೂರಿನ ಹುಡುಗ ಅಷ್ಟು ಹೊತ್ತು ನೆಟ್ಸಿನಲ್ಲಿರುತ್ತಾನೆ, ಗದಗಿನ ಹುಡುಗ ದಾರಿಯಲ್ಲಿರುತ್ತಾನೆ. ಈ ಅಂತರ ಯಾವ ಸ್ಕೋರ್‌ಕಾರ್ಡಿನಲ್ಲೂ ಬರಲ್ಲ. ನಮ್ಮ ಹಳ್ಳಿಗಳಿಂದ ಎದ್ದು ಬಸ್ಸು ಹಿಡಿದು ತಾಲೂಕಿಗೆ, ತಾಲೂಕಿನಿಂದ ಹುಬ್ಬಳ್ಳಿಗೋ ದಾವಣಗೆರೆಗೋ ಓದೋಕೆ ಹೋದ ಯಾರನ್ನೇ ಕೇಳ್ರಿ, ದಾರಿ ಎಷ್ಟು ಶಕ್ತಿ ತಿನ್ನುತ್ತೆ ಅಂತ ಹೇಳ್ತಾರೆ.

ತೂಗೋ ವಿಷಯ ಬಂತಲ್ಲ, ನಮ್ಮ ಬ್ಯಾಡಗಿಯನ್ನೇ ತಗೊಳ್ಳಿ. ಸೋಮವಾರ, ಗುರುವಾರ ಮಾರುಕಟ್ಟೆಗೆ ಬಂದು ನಿಂತರೆ ಕಣ್ಣು ಹಾಯಿಸಿದಷ್ಟು ದೂರ ಕೆಂಪು. ಬ್ಯಾಡಗಿ ಮೆಣಸಿನಕಾಯಿಯನ್ನ ಯಾರೂ ಖಾರಕ್ಕೆ ಅಂತ ಕೊಳ್ಳಲ್ಲ. ಖಾರ ಬೇಕಾದವರು ಗುಂಟೂರಿಗೆ ಹೋಗ್ತಾರೆ. ಇಲ್ಲಿ ಬೆಲೆ ಬಣ್ಣಕ್ಕೆ. ಹೊರಗಿನವನೊಬ್ಬ ಬಂದು, ಡಬ್ಬಿ ಕಾಯಿ ಒಂದನ್ನ ಕಚ್ಚಿ, 'ಇದರಲ್ಲಿ ಖಾರನೇ ಇಲ್ಲ, ದಂಡ' ಅಂದರೆ ದಲಾಲಿ ಅಂಗಡಿಯ ಕಾಕಾ ಅವನನ್ನ ಮೇಲಿಂದ ಕೆಳಗೆ ನೋಡಿ ನಗ್ತಾರೆ. ಕ್ರಿಕೆಟ್ಟಿನಲ್ಲಿ ನಾವು ಆ ಹೊರಗಿನವನ ಹಾಗೆ ಮಾತಾಡ್ತೀವಿ. ಟೆಸ್ಟ್ ವಿಕೆಟ್ ಅನ್ನೋದು ಒಂದೇ ಖಾರ, ಅದೊಂದೇ ಅಳತೆ. ಹದಿನೆಂಟು ಹಂಗಾಮು ರಾಜ್ಯದ ತಂಡಕ್ಕೆ ಬಣ್ಣ ಕೊಟ್ಟದ್ದಕ್ಕೆ ನಮ್ಮ ಬಳಿ ತಕ್ಕಡಿಯೇ ಇಲ್ಲ.

ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲೂ ಇದೇ ಬುದ್ಧಿ ಸಿಗುತ್ತೆ. ಯಾವ ರೈತನೂ 'ಈ ಬೀಜ ಒಂದು ವರ್ಷ ಭಾರಿ ಬೆಳೆ ಕೊಟ್ಟಿತ್ತಂತೆ' ಅಂದ ಮಾತ್ರಕ್ಕೆ ದುಡ್ಡು ಬಿಚ್ಚಲ್ಲ. 'ಮಳಿ ಕಮ್ಮಿ ಆದ ವರ್ಷ ಏನ್ ಮಾಡ್ತು? ಹೋದ ಮೂರು ವರ್ಷ ಹೆಂಗಿತ್ತು?' ಅಂತ ಕೇಳ್ತಾನೆ. ಹೊಲದ ವಿಷಯಕ್ಕೆ ಇಷ್ಟು ಶಾಣ್ಯಾರಾದ ನಾವು ನಮ್ಮ ಆಟಗಾರನ ವಿಷಯಕ್ಕೆ ಬಂದಾಗ ಒಂದು ದಿನದ ಬೆಳೆ ಹಿಡಕೊಂಡು ಕೂತಿದ್ದೀವಿ.

ಆಡೋದು ನಿಂತ ಮೇಲೆ ಜೋಶಿ ಏನು ಮಾಡಿದರು ಅನ್ನೋದನ್ನ ಯಾರೂ ಮಾತಾಡಲ್ಲ. 2014ರ ಡಿಸೆಂಬರಿನಲ್ಲಿ ಜಮ್ಮು ಕಾಶ್ಮೀರದ ರಣಜಿ ತಂಡ ಮುಂಬೈಯನ್ನ ಮುಂಬೈಯ ವಾಂಖೆಡೆಯಲ್ಲೇ ಸೋಲಿಸಿತು. ಆ ತಂಡದ ಕೋಚ್ ಜೋಶಿ. ತನ್ನ ಊರಲ್ಲೂ ಸರಿಯಾದ ಮೈದಾನ ಇಲ್ಲದೆ ಬೆಳೆದವನಿಗೆ ಕಾಶ್ಮೀರದ ಹುಡುಗರ ಕಷ್ಟ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ ಅನ್ಸುತ್ತೆ. ಆಮೇಲೆ ಬಾಂಗ್ಲಾದೇಶ ತಂಡ ಇವರನ್ನ ಸ್ಪಿನ್ ಕಲಿಸೋಕೆ ಕರೆಸಿಕೊಂಡಿತು. ತಮ್ಮ ಮೊದಲ ಟೆಸ್ಟಿನಲ್ಲಿ ತಮ್ಮನ್ನ ಉರುಳಿಸಿದವನ ಬೆಲೆ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಜೋಶಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ಆ ಕುರ್ಚಿ ಬೇರೆಯವರಿಗೆ ಹೋಯಿತು. ಆದರೆ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಪ್ರವಾಸದ ತಂಡ ಆರಿಸಿದ್ದು ಇವರ ಸಮಿತಿ. ಅದುವರೆಗೆ ಒಂದೂ ಟೆಸ್ಟ್ ಆಡದ ಸಿರಾಜ್, ಶುಭಮನ್ ಗಿಲ್ ಆ ತಂಡದಲ್ಲಿದ್ದರು. ಅಡಿಲೇಡಿನಲ್ಲಿ 36ಕ್ಕೆ ಆಲೌಟಾದ ತಂಡ, 2021ರ ಜನವರಿ 19ರಂದು ಗಾಬಾದಲ್ಲಿ ಗೆದ್ದು ಸರಣಿ ಹೊತ್ತು ತಂದಿತು. ಗಿಲ್ 91, ಪಂತ್ 89, ಸಿರಾಜ್ ಐದು ವಿಕೆಟ್. ನಮ್ಮ ಊರುಗಳಲ್ಲೂ ಪಟಾಕಿ ಹೊಡೆದರು, ವಾಟ್ಸಾಪ್ ಸ್ಟೇಟಸ್ಸಿನ ತುಂಬ ಗಾಬಾ. ಆ ಹುಡುಗರನ್ನ ವಿಮಾನ ಹತ್ತಿಸಿದ ಕಮಿಟಿಗೆ ಅಧ್ಯಕ್ಷರು ಯಾರಿದ್ದರು ಅಂತ ಒಬ್ಬರಾದರೂ ಬರೆದದ್ದನ್ನ ನಾನು ಕಾಣಲಿಲ್ಲ. ಆಯ್ಕೆ ತಪ್ಪಿದರೆ ಆಯ್ಕೆಗಾರನ ಜಾತಕ ಜಾಲಾಡುವ ಜನ ನಾವು, ಸರಿಯಾದಾಗ ಅವನ ಹೆಸರೇ ಕೇಳಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಹಣೆಬರಹ. ಸರ್ವರ್ ಬಿದ್ದಾಗ ಎಲ್ಲರಿಗೂ ನಿಮ್ಮ ಹೆಸರು ಗೊತ್ತಾಗುತ್ತೆ, ಬೀಳದೆ ನಿಂತ ವರ್ಷಗಳಿಗೆ ಯಾರೂ ಮೇಲ್ ಕಳಿಸಲ್ಲ.

'ಸರಿ, ಈಗ ಏನ್ ಮಾಡು ಅಂತೀ? ಗುಡಿ ಕಟ್ಟಬೇಕಾ?' ಅಂತ ಕೇಳಬಹುದು. ಗುಡಿ ಬ್ಯಾಡ್ರಿ. ಕಟ್ಟಿದರೆ ಅದಕ್ಕೊಂದು ಉದ್ಘಾಟನೆ, ಅದಕ್ಕೊಬ್ಬ ಮಂತ್ರಿ, ಆಮೇಲೆ ಬೀಗ. ಹಾವೇರಿಯಲ್ಲಿ ಯಾರು ಬಂದರೂ ಏಲಕ್ಕಿ ಹಾರ ಹಾಕಿ ಕಳಿಸೋದು ನಮ್ಮ ಪದ್ಧತಿ. ಬಂದ ಮಂತ್ರಿಗೂ ಹಾಕ್ತೀವಿ, ಸಿನಿಮಾ ನಟನಿಗೂ ಹಾಕ್ತೀವಿ. ಹಾರ ಹಾಕಿ ಕಳಿಸಿದ ಮೇಲೆ ಘಮ ನಾಲ್ಕು ದಿನ. ನನಗೆ ಬೇಕಿರೋದು ಹಾರಕ್ಕಿಂತ ಗಟ್ಟಿಯಾದದ್ದು.

ನಮ್ಮ ತಾಲೂಕು ಮೈದಾನಗಳಲ್ಲಿ ಬೇಸಿಗೆ ಬಂದರೆ ಟೆನಿಸ್ ಬಾಲ್ ಟೂರ್ನಮೆಂಟು ಶುರು. ಎಂಟು ಓವರ್, ಹೊಡಿ ಬಡಿ, ಧ್ವನಿವರ್ಧಕ, ದೊಡ್ಡ ಟ್ರೋಫಿ, ಫ್ಲೆಕ್ಸಿನಲ್ಲಿ ಪ್ರಾಯೋಜಕರ ಫೋಟೋ. ಅದೂ ಇರಲಿ, ಹಬ್ಬದ ಹಾಗೆ ಚಂದ. ಆದರೆ ಅಲ್ಲಿ ಹತ್ತು ವರ್ಷ ಆಡಿದರೂ ಒಬ್ಬ ಎಡಗೈ ಸ್ಪಿನ್ನರ್ ಹುಟ್ಟಲ್ಲ. ಮೇಡನ್ ಅನ್ನೋ ಪದಕ್ಕೆ ಅಲ್ಲಿ ಅರ್ಥವೇ ಇಲ್ಲ. ಅದೇ ದುಡ್ಡಿನಲ್ಲಿ ಅರ್ಧ ಎತ್ತಿಟ್ಟು ತಾಲೂಕಿಗೊಂದು ಲೆದರ್ ಬಾಲಿನ ಪಿಚ್ಚು, ಒಂದು ನೆಟ್ಟು, ವಾರಕ್ಕೆ ಎರಡು ದಿನ ಹುಬ್ಬಳ್ಳಿಯಿಂದ ಬರೋ ಒಬ್ಬ ಕೋಚು ಆಗದ ಮಾತೇನಲ್ಲ. ಹುಬ್ಬಳ್ಳಿಯ ರಾಜನಗರದಲ್ಲಿ ಈಗ ಕೆಎಸ್‌ಸಿಎ ಮೈದಾನ ಇದೆ, ರಣಜಿ ಪಂದ್ಯ ಅಲ್ಲಿಗೇ ಬರುತ್ತೆ. ಜೋಶಿ ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಇಷ್ಟೂ ಇರಲಿಲ್ಲ. ಇನ್ನು ಕೊರತೆ ಇರೋದು ಹಳ್ಳಿಯಿಂದ ಹುಬ್ಬಳ್ಳಿಯವರೆಗಿನ ದಾರಿಯಲ್ಲಿ. ಆ ದಾರಿಯನ್ನ ಹದಿಮೂರು ವರ್ಷದ ಹುಡುಗನ ಹೆಗಲಿಗೆ ಬಿಟ್ಟು, ಅವನು ಹೇಗೋ ಗೆದ್ದುಬಂದರೆ 'ನಮ್ಮ ಮಣ್ಣಿನ ಮಗ' ಅಂತ ಫ್ಲೆಕ್ಸು ಹಾಕೋದು ಅಭಿಮಾನ ಅಲ್ಲ, ಸೋಮಾರಿತನ.

ಅದಾಗೋವರೆಗೆ ಖರ್ಚಿಲ್ಲದ ಕೆಲಸ ಒಂದಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತನ್ನ ನಮ್ಮ ಹಿರಿಯರು ಹೇಳಿದ್ದು ನಮ್ಮನ್ನ ಎಚ್ಚರಿಸೋಕೆ, ಅದನ್ನೇ ನಾವು ಕಾನೂನು ಮಾಡಿಕೊಂಡಿದ್ದೀವಿ. ಕ್ರಿಕೆಟ್ಟಿನ ಮಾತು ಬಂದಾಗ, ಮಕ್ಕಳ ಮುಂದೆ, ಚಹಾದಂಗಡಿಯಲ್ಲಿ, ಜೋಶಿಯ ಹೆಸರನ್ನ ಪೂರ್ತಿ ಲೆಕ್ಕದ ಜೊತೆ ಹೇಳಿ. 160 ಪಂದ್ಯ, 615 ವಿಕೆಟ್. ರಣಜಿಯಲ್ಲಿ 479. ಢಾಕಾದಲ್ಲಿ 92 ಮತ್ತು ಎಂಟು ವಿಕೆಟ್. ಇಷ್ಟೆಲ್ಲ ಹೇಳಿದ ಮೇಲೆ, ಸಮಯ ಉಳಿದರೆ, ನೈರೋಬಿಯ ಆ ಮಧ್ಯಾಹ್ನದ ಕಥೆಯನ್ನೂ ಹೇಳಿ.